ಸೊಳ್ಳೆ ಪರದೆಗೆ ಹೋಳಿಗೆ ಉಣಿಸಿ ಬಂದೆವು

ಕುಷ್ಟಗಿ

ಆಫ್ರಿಕಾಕ್ಕೆ ಹೋಗಿ ಬಂದೆ ಅಂದರೆ ನಮ್ಮ ಕುಷ್ಟಗಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಆನಿ, ಸಿಂಹ ನೋಡಿದ್ರೇನ್ರಿ?" ಕಿರಾಣಿ ಅಂಗಡಿಯವನೂ ಕೇಳಿದ, ಬಸ್ಸಿನ ಕಂಡಕ್ಟರನೂ ಕೇಳಿದ. ಆನೆ ನಾನು ನೋಡಲಿಲ್ಲ. ಸಿಂಹವಂತೂ ಇಲ್ಲವೇ ಇಲ್ಲ. ನಾನು ನೋಡಿದ್ದು ಇಲಿ ಕಡಿದ ಬಟ್ಟೆ. ಅದನ್ನು ನೋಡಿ ನನ್ನ ಎದೆ ಹೊಡೆದುಕೊಂಡಷ್ಟು ಸಿಂಹ ಎದುರು ಬಂದು ನಿಂತಿದ್ದರೂ ಹೊಡೆದುಕೊಳ್ಳುತ್ತಿರಲಿಲ್ಲ. ಹೀಗಂದರೆ ಜನ ನಗುತ್ತಾರೆ. ನಕ್ಕರೆ ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆದೇಬಿಡೋಣ ಅಂತ ಕೂತಿದ್ದೇನೆ.

ನಾನು ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಕ್ಲಾಸು ನಡೆಸುವವಳು. ನನ್ನಂಥವಳಿಗೆ ವಿಮಾನದ ಯೋಗ ಬಂದದ್ದು ಸೊಳ್ಳೆಯ ದೆಸೆಯಿಂದ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಭತ್ತದ ನಾಟಿಗೆ ಬರುವ ಕೂಲಿಯವರಿಗೆ ಒಂದು ಸಂಸ್ಥೆಯವರು ಸೊಳ್ಳೆ ಪರದೆ ಹಂಚುತ್ತಿದ್ದರು. ಮಲೇರಿಯಾ ಬರಬಾರದು ಅಂತ ಔಷಧಿ ಹಾಕಿದ ಪರದೆ. ಕೊಟ್ಟ ಪರದೆಗಳು ಬುಡದಲ್ಲಿ ಬೇಗ ಹರಿಯುತ್ತಿದ್ದವು. ದಿನಾ ಚಾಪೆಯ ಕೆಳಗೆ ಸಿಕ್ಕಿಸಬೇಕು, ದಿನಾ ಎಳೆಯಬೇಕು, ಹರಿಯದೆ ಏನು ಮಾಡೀತು? ನಮ್ಮ ಕ್ಲಾಸಿನ ಹುಡುಗಿಯರು ಬುಡದ ಸುತ್ತ ಹಳೆ ಸೀರೆಯ ಪಟ್ಟಿ ಇಟ್ಟು ಮಷಿನ್ ಹಾಕಿ ಕೊಟ್ಟರು. ಪರದೆ ತಡೆದವು. ಸಂಸ್ಥೆಯವರು ಇದನ್ನು ಯಾರಿಗೋ ಹೇಳಿ, ಆ ಯಾರೋ ಇನ್ಯಾರಿಗೋ ಹೇಳಿ, ಕೊನೆಗೆ ಮಲಾವಿ ಎಂಬ ದೇಶದಿಂದ ಕರೆ ಬಂತು. ಅಲ್ಲಿಯ ಹಳ್ಳಿಗಳಲ್ಲಿ ಕರೆಂಟೂ ಇಲ್ಲ, ಮಷಿನ್ನೂ ಇಲ್ಲ, ಕೈಹೊಲಿಗೆ ಗಟ್ಟಿ ಇರುವವರೊಬ್ಬರು ಜೊತೆಗೆ ಬೇಕು ಅಂದರು.

ಕೈಹೊಲಿಗೆ ಅಂದರೆ ನನ್ನ ನೆಗೆಣ್ಣಿ ಗಂಗವ್ವ, ನನ್ನ ಗಂಡನ ಅಣ್ಣನ ಹೆಂಡತಿ. ಇರುವುದು ಮಂಗಳೂರಿನಲ್ಲಿ, ಕಡಲಿನ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಹಳೆ ಸೀರೆ, ಧೋತರ, ಅಂಗಿಯ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಆಕೆ ಹೊಲಿಯುವ ಕೌದಿ ಹೊದ್ದು ಎರಡು ತಲೆಮಾರಿನ ಮಕ್ಕಳು ಬೆಳೆದಿದ್ದಾರೆ. ನಾನು ಹೋಗಿ ವಿಷಯ ಹೇಳಿದಾಗ ಆಕೆ ಮೇಕೆಗೆ ಸೊಪ್ಪು ಕಟ್ಟುತ್ತಿದ್ದಳು.

"ವಿಮಾನದಾಗ ಕಾಲ ಚಾಚಾಕ ಜಾಗ ಇರತೈತೇನ ಶಾಂತವ್ವ?" ಅಂದಳು.

"ಇರಂಗಿಲ್ಲಕ್ಕ."

"ಹಂಗಾರ ನಮ್ಮ ಯಲಬುರ್ಗಾ ಬಸ್ ಇದ್ದಂಗ. ನಡಿ ಹೋಗೋಣು."

ಇಷ್ಟೇ ಅವಳ ವಿಚಾರಣೆ.

ವಿಮಾನ ನಿಲ್ದಾಣ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಚೌಕಟ್ಟು ದಾಟುವಾಗ ಗಂಗವ್ವನ ಮೈಯೆಲ್ಲ ಕೂಗಿಕೊಂಡಿತು. ಪೊಲೀಸ್ ಹೆಣ್ಣುಮಗಳು ಪರದೆಯ ಹಿಂದೆ ಕರೆದುಕೊಂಡು ಹೋಗಿ ನೋಡಿದರೆ ತಾಳಿಯ ದಾರದಲ್ಲಿ ಪಿನ್ನು, ಬಳೆಯಲ್ಲಿ ಪಿನ್ನು, ಸೆರಗಿನ ಒಳಮಗ್ಗುಲಿಗೆ ಸಾಲಾಗಿ ಚುಚ್ಚಿದ ಸೂಜಿಗಳು. ಕೈಚೀಲದಲ್ಲಿ ದಬ್ಬಣ ಬೇರೆ. ದಬ್ಬಣ ಅಲ್ಲೇ ಉಳಿಯಿತು. "ನನ್ನ ತವರುಮನಿ ದಬ್ಬಣರಿ ಅದು" ಅಂತ ಆಕೆ ಹೇಳಿಯೇ ಹೇಳಿದಳು. ಆ ಹೆಣ್ಣುಮಗಳು ನಗು ತಡೆದುಕೊಂಡು ಸೂಜಿಗಳನ್ನು ವಾಪಸು ಕೊಟ್ಟಳು.

ನನಗೆ ನಗು ಬರಲಿಲ್ಲ. ಹಿಂದಿನ ಸಾಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅಕ್ಕನ ಚೀಲದಲ್ಲಿ ಇನ್ನೂ ಏನೇನಿದೆ ಅಂತ ಗದರಿದೆ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಒಂದು ದೊಡ್ಡ ಡಬ್ಬಿಯ ತುಂಬ ಶೇಂಗಾ ಹೋಳಿಗೆ. ಅವನ್ನು ಯಂತ್ರ ಸುಮ್ಮನೆ ಒಳಗೆ ಬಿಟ್ಟುಕೊಂಡಿತು. ಆ ಡಬ್ಬಿಯನ್ನೇ ಕಿತ್ತುಕೊಂಡು ದಬ್ಬಣ ವಾಪಸು ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ಸರೋವರದ ದಂಡೆ

ಮಲಾವಿಯಲ್ಲಿ ನಮ್ಮನ್ನು ಕರೆದುಕೊಂಡು ಹೋಗಲು ಬಂದವಳು ಮರ್ಸಿ. ಪರದೆ ಹಂಚುವ ಅಲ್ಲಿನ ಸಂಸ್ಥೆಯ ಹೆಣ್ಣುಮಗಳು. ಅಲ್ಲಿಯವರ ಚಿಚೆವಾ ಮಾತನ್ನು ಅವಳು ಇಂಗ್ಲಿಷಿಗೆ ತರುವುದು, ನನ್ನ ಹರಕು ಇಂಗ್ಲಿಷಿನಿಂದ ನಾನು ಅದನ್ನು ಗಂಗವ್ವನಿಗೆ ನಮ್ಮ ಮಾತಲ್ಲಿ ಹೇಳುವುದು. ಮೂರು ಬಾಯಿ ದಾಟಿ ಬರುವಷ್ಟರಲ್ಲಿ ಮಾತು ಅರ್ಧ ಸೋರಿರುತ್ತಿತ್ತು. ಆದರೂ ನಡೆಯಿತು.

ದಾರಿಯುದ್ದಕ್ಕೂ ಕೆಂಪು ಮಣ್ಣು, ಮೆಕ್ಕೆಜೋಳದ ಹೊಲ, ಮೇಕೆಗಳು. ಇದೇನು ಹೊರದೇಶವೋ ಕೊಪ್ಪಳದ ದಾರಿಯೋ ಅಂತ ನೋಡುತ್ತಿದ್ದಾಗ ಎದುರಿಗೆ ಸರೋವರ ಕಂಡಿತು. ಆಚೆ ದಂಡೆಯೇ ಇಲ್ಲ. ಗಂಗವ್ವ ಜೀಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಡ್ಯಾಮ್ ಯಾಕಡಿ ಐತಿ?"

ಡ್ಯಾಮ್ ಇಲ್ಲ, ಇದು ತಾನಾಗಿಯೇ ನಿಂತ ನೀರು ಅಂದೆ. ಅವಳು ನಂಬಲಿಲ್ಲ. ತುಂಗಭದ್ರೆಯ ಹಿನ್ನೀರು ನೋಡಿ ಬೆಳೆದವಳಿಗೆ ಗೋಡೆಯಿಲ್ಲದೆ ಅಷ್ಟು ನೀರು ನಿಲ್ಲುತ್ತದೆಂಬುದು ಸುಳ್ಳೇ ಅನ್ನಿಸಿತ್ತು.

ನಮಗೆ ಇಳಿಯಲು ಕೊಟ್ಟದ್ದು ದಂಡೆಯ ಒಂದು ಹಳ್ಳಿಯಲ್ಲಿ, ಎಸ್ತರ್ ಎಂಬ ಹೆಣ್ಣುಮಗಳ ಅಂಗಳದ ಪಕ್ಕದ ಗುಡಿಸಲು. ಎಸ್ತರ್‌ಗೆ ಗಂಗವ್ವನ ಸೊಸೆಯಷ್ಟು ವಯಸ್ಸು. ಸೊಂಟಕ್ಕೆ ಬಣ್ಣದ ಬಟ್ಟೆ ಸುತ್ತಿ, ಅಂಥದೇ ಇನ್ನೊಂದರಿಂದ ಬೆನ್ನಿಗೆ ಕೂಸನ್ನು ಕಟ್ಟಿಕೊಂಡಿದ್ದಳು. ಕೂಸಿನ ಹೆಸರು ಚಿಸೋಮೊ, ಇನ್ನೂ ನಿಲ್ಲಲು ಬಾರದ ಗಂಡು. ನಮ್ಮನ್ನು ಕಂಡು ಆಕೆ ಮಂಡಿ ಬಗ್ಗಿಸಿ, ಮೆಲ್ಲಗೆ ಚಪ್ಪಾಳೆ ತಟ್ಟಿ, "ಅಮಾಯಿ" ಅಂದಳು. ಅವ್ವಾ ಅಂದ ಹಾಗೆ. ಗಂಗವ್ವ ಆ ಕ್ಷಣಕ್ಕೇ ಕರಗಿಹೋದಳು. ಕೂಸಿನ ಮುಖಕ್ಕೆ ಎರಡೂ ಕೈ ಇಳಿಸಿ ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ಎಸ್ತರ್‌ಗೆ ಆ ಲಟಲಟ ಸದ್ದಿನ ಅರ್ಥ ಗೊತ್ತಿರಲಿಲ್ಲ, ಆದರೂ ನಕ್ಕಳು.

ನಾವು ಕೈಕಾಲು ತೊಳೆದು ಕೂತಿದ್ದೇವೋ ಇಲ್ಲವೋ, ಹೊರಗೆ ಯಾರೋ "ಓಡಿ! ಓಡಿ!" ಅಂತ ಕೂಗಿದರು. ಗಂಗವ್ವ ಹಾವೋ ಬೆಂಕಿಯೋ ಅಂತ ಡಬ್ಬಿ ಎತ್ತಿಕೊಂಡು ಅಂಗಳಕ್ಕೆ ಹಾರಿದಳು, ಅವಳ ಹಿಂದೆ ನಾನು. ಅಲ್ಲಿ ಒಬ್ಬ ಮುದುಕಿ ಕುಂಬಳದ ಎಲೆಗಳ ಕಟ್ಟು ಹಿಡಿದು ನಿಂತಿದ್ದಳು. ಬಾಗಿಲಲ್ಲಿ ನಿಂತು ಒಳಗೆ ಬರಲೇ ಅಂತ ಕೇಳುವ ರೀತಿಯೇ ಅದಂತೆ. ಆ ಮುದುಕಿ ನಮ್ಮನ್ನು ನೋಡಿ ನಕ್ಕಿದ್ದೇ ನಕ್ಕಿದ್ದು.

ಎಸ್ತರ್ ಮನೆ

ಊಟ ನಮಗೆ ಹೊಸದಾಗಲಿಲ್ಲ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ನಮ್ಮ ಸಂಗಟಿಯ ತಂಗಿ. ಕುಂಬಳದ ಎಲೆಯ ಪಲ್ಯಕ್ಕೆ ಶೇಂಗಾ ಪುಡಿ ಹಾಕಿದ್ದರು. "ಶೇಂಗಾ ಹಾಕೋ ಮಂದಿ ಕೆಟ್ಟವರ ಇರಂಗಿಲ್ಲ" ಅಂತ ಗಂಗವ್ವ ತೀರ್ಪು ಕೊಟ್ಟಳು. ಒಣಮೀನಿನ ತಟ್ಟೆಯನ್ನು ಮಾತ್ರ ನಗುನಗುತ್ತಾ ಮರ್ಸಿಯ ಕಡೆ ಸರಿಸಿದಳು.

ಮರುದಿನ ಬೆಳಿಗ್ಗೆ ಮರ್ಸಿ ಪರದೆ ತೋರಿಸಲು ಮನೆಮನೆಗೆ ಕರೆದುಕೊಂಡು ಹೋದಳು. ಮೂರು ವರ್ಷವಾದರೂ ಬಾಳಬೇಕಾದ ಪರದೆಗಳಂತೆ. ನಾನು ಒಂದನ್ನು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಎತ್ತಿದೆ. ನನ್ನ ಮುಷ್ಟಿ ಸಲೀಸಾಗಿ ಆಚೆ ಹೋಯಿತು. ಒಂದು ಮೂಲೆ ಒಲೆಯ ಕಿಡಿ ಬಿದ್ದು ಸುಟ್ಟಿತ್ತು. ಇನ್ನೊಂದು ಕಡೆ ತೂತಿನ ಬಾಯಿಯನ್ನು ಗಂಟು ಹಾಕಿ ಮುಚ್ಚಿದ್ದರು. ಬುಡವಂತೂ ಜಾಲರಿಯೇ ಇಲ್ಲದ ಬರೀ ಎಳೆ. ಅದರೊಳಗೆ ಮಕ್ಕಳು ಮಲಗುತ್ತಿದ್ದರು. ನಾನು ನಿಂತಲ್ಲೇ ನಿಂತೆ. ಗಂಗಾವತಿಯ ಕ್ಯಾಂಪುಗಳಲ್ಲಿ ಹರಿದ ಪರದೆ ನೋಡಿ ಸಾಕಾಗಿದ್ದವಳಿಗೂ ಇದು ತಡೆಯಲಾಗಲಿಲ್ಲ.

"ಹೊಲೀಬೇಕೋ ಬ್ಯಾಡೋ?" ಅಂತ ನಾನು ಜೋರಾಗಿಯೇ ಕೇಳಿದೆ. ಮರ್ಸಿ ಅದನ್ನು ಎಷ್ಟು ಮೆತ್ತಗೆ ಮಾಡಿ ಹೇಳಿದಳೋ ಗೊತ್ತಿಲ್ಲ. ಒಬ್ಬಾಕೆ ಉತ್ತರ ಕೊಟ್ಟಳು: ಜಾಲರಿಗೆ ಸೂಜಿ ಹಾಕಿದರೆ ತೂತು ಇನ್ನೂ ದೊಡ್ಡದಾಗುತ್ತದೆ, ಎಳೆ ಸಿಗುವುದಿಲ್ಲ, ಹೇಗೆ ಹೊಲಿಯುವುದು? ನಿಜವೇ. ಕ್ಲಾಸಿಗೆ ಹೊಸದಾಗಿ ಬಂದ ಹುಡುಗಿಯರೂ ಇದನ್ನೇ ಹೇಳುತ್ತಾರೆ. ನನ್ನ ಜೋರು ಅಲ್ಲಿಗೆ ಇಳಿಯಿತು.

ಪರದೆಗೆ ದೊಡ್ಡ ವೈರಿ ಯಾರು ಅಂತ ಮರ್ಸಿಯನ್ನು ಕೇಳಿದೆ. ಬುಡ ಸವೆಯುವುದು ಒಂದು, ಬೆಂಕಿ ಒಂದು, ಎಲ್ಲಕ್ಕಿಂತ ಹೆಚ್ಚು ಇಲಿ ಅಂದಳು. ಮಲಗುವ ಮನೆಯಲ್ಲೇ ಕಾಳಿನ ಚೀಲ ಇರುತ್ತವೆ, ಇಲಿ ಬರುತ್ತವೆ, ದಾರಿಗೆ ಅಡ್ಡ ಸಿಕ್ಕಿದ್ದನ್ನು ಕಡಿಯುತ್ತವೆ. ನಾನು ತಲೆಯಾಡಿಸಿದೆ. ಗಂಗವ್ವನಿಗೂ ಹೇಳಿದೆ, ಅವಳೂ ತಲೆಯಾಡಿಸಿದಳು. ನಾವಿಬ್ಬರೂ ಆ ಮಾತನ್ನು ಚೆನ್ನಾಗಿ ಕೇಳಿಸಿಕೊಂಡೆವು ಎಂಬುದನ್ನು ನೀವು ನೆನಪಿಟ್ಟುಕೊಳ್ಳಿ.

ಎಸ್ತರ್‌ಳ ಪರದೆ ಅಷ್ಟು ಕೆಟ್ಟಿರಲಿಲ್ಲ. ಆಕೆ ಅದನ್ನು ಹಗಲು ಹೊತ್ತಿನಲ್ಲಿ ಮಡಚಿ ಮೇಲೆ ಕಟ್ಟುತ್ತಿದ್ದಳು, ಒಲೆಯನ್ನು ಹೊರಗೆ ಹಾಕಿದ್ದಳು. ಯಾಕಿಷ್ಟು ಜೋಪಾನ ಅಂದಾಗ ಸೊಪ್ಪು ಹೆಚ್ಚುತ್ತಲೇ ಹೇಳಿದಳು. ಮೊದಲೊಂದು ಮಗಳಿದ್ದಳಂತೆ. ಪರದೆಗೆ ತೂತಿತ್ತು, ಆಮೇಲೆ ಹೊಲಿದರಾಯಿತು ಅಂದುಕೊಂಡಿದ್ದಳು. ಮಳೆಗಾಲದಲ್ಲಿ ಜ್ವರ ಬಂತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಮಗಳ ಜೀವ ಹೋಯಿತು.

ಕೈ ನಿಲ್ಲಿಸದೆ ಸೊಪ್ಪು ಹೆಚ್ಚುತ್ತಾ ಹೇಳಿದಳು. ನಾನು ಅದನ್ನು ಗಂಗವ್ವನಿಗೆ ಹೇಳಿದೆ. ಕೇಳಿ ಅವಳು ಎದ್ದು ಹೋಗಿ ತನ್ನ ಸೂಜಿಗಳನ್ನು ತಂದಳು. "ಮದಲ ಇಕಿ ಪರದಿ. ಈ ಕೂಸಿನ ಪರದಿ ಮುಗಿಸಿ ಆಮ್ಯಾಗ ಊರಾಗಿನವು" ಅಂದಳು.

ಹೊಲಿಗೆಯ ದಿನ

ಅವತ್ತೇ ಮಾವಿನ ಮರದ ಕೆಳಗೆ ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಪರದೆ ತಂದು ಕೂತರು. ಗಂಗವ್ವ ಕೌದಿಯ ಲೆಕ್ಕದಲ್ಲೇ ಕೆಲಸ ತೋರಿಸಿದಳು. ತೂತಿನ ಅಂಚಿಗೆ ಸೂಜಿ ಹಾಕಬೇಡಿ, ಅಂಚಿನಿಂದ ದೂರಕ್ಕೆ ಗಟ್ಟಿ ಜಾಲರಿಗೆ ಹಾಕಿ. ತೀರಾ ಹಳೆಯ ಪರದೆಯ ತುಂಡನ್ನೇ ತ್ಯಾಪಿ ಮಾಡಿ. ಬುಡಕ್ಕೆ ಸವೆದ ಬಟ್ಟೆಯ ಪಟ್ಟಿ ಮಡಿಸಿ ಸುತ್ತ ಓಡಿಸಿ. ಹೇಳಿದ್ದು ನಮ್ಮ ಮಾತಲ್ಲೇ. "ಹಿಂಗ ನೋಡ್ರಿ, ಎಳದ ಕಟ್ಟಬ್ಯಾಡ್ರಿ, ಸಡ್ಲ ಬಿಡ್ರಿ" ಅಂತ ಅವಳು ಅನ್ನುವುದು, ಅವರು ತಲೆಯಾಡಿಸುವುದು. ಮರ್ಸಿಗೂ ನನಗೂ ಕೆಲಸವೇ ಇರಲಿಲ್ಲ. ಸಂಜೆಯ ಹೊತ್ತಿಗೆ ಎಸ್ತರ್‌ಳ ಪರದೆಗೆ ಕೊನೆಯ ಮೂಲೆಯಷ್ಟೇ ಉಳಿಯಿತು. ಉಳಿದವರದೂ ಒಂದೊಂದು ಮೂಲೆ ಬಾಕಿ ಇತ್ತು ಅಷ್ಟೆ. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆ ನನಗೆ ಆದದ್ದಿಲ್ಲ.

ಆಗ ಗಂಗವ್ವ, "ಶಾಂತವ್ವ, ಡಬ್ಬಿ ತಾ" ಅಂದಳು.

ನಮ್ಮ ಮನೆತನದಲ್ಲಿ ಕೌದಿ ಮುಗಿಸುವುದಕ್ಕೆ ಒಂದು ಪದ್ಧತಿ ಇದೆ. ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುತ್ತೇವೆ. ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತೇವೆ. ಹಸಿದ ಕೌದಿ ಹೊದ್ದವರ ಮೈ ತಿನ್ನುತ್ತದೆ, ಹೊಟ್ಟೆ ತುಂಬಿದ ಕೌದಿ ಕಾಯುತ್ತದೆ. ನನ್ನ ಅತ್ತೆ ಇಟ್ಟಿದ್ದಳು, ಅವಳ ಅತ್ತೆಯೂ ಇಟ್ಟಿದ್ದಳು. ಗಂಗವ್ವ ಶೇಂಗಾ ಹೋಳಿಗೆಯನ್ನು ಮುರಿದು ಒಂದು ಚೂರನ್ನು ಎಸ್ತರ್‌ಳ ಪರದೆಯ ಕೊನೆಯ ತ್ಯಾಪಿಯೊಳಗೆ ಇಟ್ಟಳು.

ನಾನೇ ಮರ್ಸಿಗೆ ಅರ್ಥ ಹೇಳಿದೆ. ಮರ್ಸಿಯೇ ಅದನ್ನು ಎಲ್ಲರಿಗೂ ಹೇಳಿದಳು. ಹೆಂಗಸರು ಓಹೋ ಅಂತ ಚಪ್ಪಾಳೆ ತಟ್ಟಿ, ನಾಲಿಗೆ ಹೊರಳಿಸಿ ಸದ್ದು ಮಾಡಿ, ತಮ್ಮ ಪರದೆಗೂ ಬೇಕು ಅಂತ ಕೈ ಚಾಚಿದರು. ಮರ್ಸಿ ಫೋನಿನಲ್ಲಿ ಫೋಟೋ ತೆಗೆದಳು. ಕುಂಬಳದೆಲೆ ತಂದಿದ್ದ ಮುದುಕಿ ಚೂರನ್ನು ಮೂಸಿ ನೋಡಿ ಅರ್ಧ ತಾನು ತಿಂದು ಅರ್ಧ ಪರದೆಗೆ ಇಟ್ಟಳು. ಬೆಳಿಗ್ಗೆ ಇಲಿಯ ಮಾತು ಆಡಿದವಳು ಅಲ್ಲೇ ಇದ್ದಳು, ಕೇಳಿದವರು ನಾವೂ ಅಲ್ಲೇ ಇದ್ದೆವು. ಶೇಂಗಾ, ಬೆಲ್ಲ, ತುಪ್ಪದ ವಾಸನೆ ಮಾವಿನ ಮರದ ಕೆಳಗೆ ತುಂಬಿಕೊಂಡಿತ್ತು. ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ

ನಾನು ಮುಖ ತೊಳೆಯುತ್ತಿದ್ದೆ. ಎಸ್ತರ್‌ಳ ಮನೆಯೊಳಗಿಂದ ಒಂದು ಸದ್ದು ಬಂತು, ಕೂಗೂ ಅಲ್ಲ ಅಳುವೂ ಅಲ್ಲ. ಓಡಿದೆ.

ಪರದೆಯ ಮೂಲೆ ಇರಲಿಲ್ಲ. ತ್ಯಾಪಿ ಹಾಕಿದ ಜಾಗ, ಅದರ ಸುತ್ತಲಿನ ಗಟ್ಟಿ ಜಾಲರಿ, ಬುಡದ ಪಟ್ಟಿ ಎಲ್ಲವನ್ನೂ ಇಲಿ ಕಡಿದು ನನ್ನ ತಲೆ ಹೋಗುವಷ್ಟು ಕಿಂಡಿ ಮಾಡಿತ್ತು. ನೆಲದ ಮೇಲೆ ಜಾಲರಿಯ ಪುಡಿ. ಎಸ್ತರ್ ಚಿಸೋಮೊನನ್ನು ಬಾಗಿಲ ಬೆಳಕಿಗೆ ತಂದು ಬಟ್ಟೆ ಬಿಚ್ಚಿ ಮೈಯನ್ನು ಅಂಗುಲ ಅಂಗುಲ ನೋಡುತ್ತಿದ್ದಳು. ತೋಳು ಎತ್ತಿ ನೋಡಿದಳು, ಕಿವಿಯ ಹಿಂದೆ ನೋಡಿದಳು. ಕೂಸಿನ ಮೊಣಕೈ ಹತ್ತಿರ ಸೊಳ್ಳೆ ಕಚ್ಚಿದ ಗಂಟುಗಳಿದ್ದವು. ಕೂಸು ಆಟ ಅಂದುಕೊಂಡು ಕೇಕೆ ಹಾಕುತ್ತಿತ್ತು.

ಮರ್ಸಿ ಬಂದಳು. ಎಸ್ತರ್ ಒಂದೇ ಮಾತು ಹೇಳಿದಳು, ಮರ್ಸಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

"ಏನಂದ್ಲು?" ಅಂತ ಗಂಗವ್ವ ನನ್ನ ಕೈ ಹಿಡಿದಳು. "ಹೇಳ, ಏನಂದ್ಲು?"

"ಮಗಳ ಪರದಿಗೆ ಇದ್ದ ತೂತು ಇದಕ್ಕಿಂತ ಸಣ್ಣದಿತ್ತಂತಕ್ಕ."

ಗಂಗವ್ವ ನನ್ನ ಕೈ ಬಿಟ್ಟಳು.

ಹೊರಗೆ "ಓಡಿ" ಅಂತ ದನಿ ಕೇಳಿತು. ಒಬ್ಬಾಕೆ ಕಡಿದ ಪರದೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಇನ್ನೊಬ್ಬಾಕೆ. ಹೊತ್ತು ಏರುವಷ್ಟರಲ್ಲಿ ಅಂಗಳದ ತುಂಬ ಹೆಂಗಸರು, ಎಲ್ಲರ ಕೈಯಲ್ಲೂ ಪರದೆ, ಎಲ್ಲ ಪರದೆಗೂ ಒಂದೇ ಕಡೆ, ಹೋಳಿಗೆ ಇಟ್ಟ ಕಡೆ, ಕಿಂಡಿ. ಪರದೆ ಗಟ್ಟಿ ಮಾಡುತ್ತೇವೆ ಅಂತ ವಿಮಾನ ಹತ್ತಿ ಬಂದವರು ನಾವು. ಸವೆತವೂ ಬೆಂಕಿಯೂ ವರ್ಷಗಟ್ಟಲೆ ಮಾಡುವ ಕೆಲಸವನ್ನು ಒಂದೇ ರಾತ್ರಿಯಲ್ಲಿ ಮಾಡಿಸಿಬಿಟ್ಟಿದ್ದೆವು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಯಾರೂ ಬೈಯಲಿಲ್ಲ.

ಕುಂಬಳದೆಲೆಯ ಮುದುಕಿ ಮಾತ್ರ ಪರದೆಯನ್ನು ತಲೆಯ ಮೇಲೆ ಹಾಕಿಕೊಂಡು, ಕಿಂಡಿಯಿಂದ ಮೂಗು ಹೊರಗಿಟ್ಟು ಏನೋ ಕೇಳಿದಳು. ಮರ್ಸಿ ಹೇಳಿದಳು: "ನಿಮ್ಮ ದೇಶದ ಇಲಿಗಳಿಗೆ ಇದು ರುಚಿಸುವುದಿಲ್ಲವೇ ಅಂತ ಕೇಳ್ತಿದ್ದಾರೆ."

ಹೆಂಗಸರು ನಕ್ಕರು. ನನಗೆ ನಮ್ಮ ಮನೆಯ ಅಟ್ಟದ ಮೇಲಿನ ಕೌದಿಗಳು ಕಣ್ಣ ಮುಂದೆ ಬಂದವು. ಎಲ್ಲಾ ಕೌದಿಯೂ ಇಲಿ ಕಡಿದದ್ದೇ, ಕಡಿದದ್ದೆಲ್ಲ ಮೂಲೆಯಲ್ಲೇ. ಪ್ರತಿ ಸಲವೂ ಇಲಿಯನ್ನು ಬೈದು, ಮೂಲೆಗೆ ತ್ಯಾಪಿ ಹಾಕಿ, ಒಳಗೆ ಮತ್ತೆ ರೊಟ್ಟಿ ಇಟ್ಟು ಹೊಲಿದಿದ್ದೇವೆ. ಒಬ್ಬಳಾದರೂ ಯಾಕೆ ಅಂತ ಕೇಳಿದ್ದರೆ! ನಾನು ಆ ಸಿಟ್ಟನ್ನೆಲ್ಲ ಗಂಗವ್ವನ ಮೇಲೆ ಹಾಕಿದೆ. ನಿನ್ನ ಹೋಳಿಗೆ, ನಿನ್ನ ಡಬ್ಬಿ, ನಿನ್ನ ಅತ್ತೆಯ ಪದ್ಧತಿ ಅಂತ ಬಾಯಿಗೆ ಬಂದದ್ದು ಆಡಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ನಮ್ಮ ಗುಡಿಸಲಿಗೆ ಹೋಗಿ ತನ್ನ ಹಾಸಿಗೆಯ ಮೇಲಿದ್ದ ಹೊಸ ಪರದೆ ಬಿಚ್ಚಿ ತಂದು ಚಿಸೋಮೊನ ಚಾಪೆಯ ಮೇಲೆ ಕಟ್ಟಿದಳು. ಎಸ್ತರ್ ಬೇಡ ಅಂತ ಕೈ ಆಡಿಸಿದಳು.

"ಕೂಸಿಗೆ ಏನರ ಆದ್ರ ನಾ ಊರಿಗೆ ಮುಖಾ ಹೊತ್ತು ಹೋಗಾಂಗಿಲ್ಲ. ಇದನ್ನ ಹೇಳ ಆಕಿಗೆ" ಅಂದಳು. ನಾನು ಹೇಳಲಿಲ್ಲ. ಎಸ್ತರ್ ಅವಳ ಮುಖ ನೋಡಿ ಕೈ ಇಳಿಸಿದಳು.

ಉಳಿದ ದಿನಗಳು

ಕಚ್ಚಿದ ಸೊಳ್ಳೆಯಲ್ಲಿ ಮಲೇರಿಯಾ ಇದ್ದಿದ್ದರೂ ಜ್ವರ ತಕ್ಷಣ ಬರುವುದಿಲ್ಲ, ಒಂದು ವಾರ ದಾಟಬೇಕು, ಹೆಚ್ಚೂ ಆಗಬಹುದು ಅಂತ ಮರ್ಸಿ ಹೇಳಿದಳು. ಅಷ್ಟರಲ್ಲಿ ನಾವು ಊರಲ್ಲಿರುತ್ತೇವೆ. ಏನಾಯಿತೆಂದು ಫೋನಿನಲ್ಲಿ ತಿಳಿಸುತ್ತೇನೆ ಅಂದಳು. ಆ ಮಾತು ಕೇಳಿದ ಮೇಲೆ ನಾನು ಆ ಕೂಸನ್ನು ನೋಡಿದಾಗಲೆಲ್ಲ ಹಣೆ ಮುಟ್ಟಿ ನೋಡುವಂತಾಯಿತು.

ಉಳಿದ ದಿನಗಳಲ್ಲಿ ಸುತ್ತಾಟದ ಮಾತೇ ಇಲ್ಲ. ಬೆಳಗಾದರೆ ಮಾವಿನ ಮರ, ಸಂಜೆಯಾದರೆ ಕಣ್ಣುರಿ. ಕಡಿದ ಪರದೆಗಳಿಗೆಲ್ಲ ಮತ್ತೆ ತ್ಯಾಪಿ, ಚಿಸೋಮೊನಿಗೆ ಕೊಟ್ಟ ಹೊಸ ಪರದೆಯ ಬುಡಕ್ಕೂ ಪಟ್ಟಿ. ಈ ಸಲ ಒಂದೊಂದು ತ್ಯಾಪಿ ಮುಚ್ಚುವಾಗಲೂ ಹೆಂಗಸರು ಗಂಗವ್ವನ ಮುಂದೆ ಖಾಲಿ ಅಂಗೈ ಬಿಚ್ಚಿ ತೋರಿಸಿ ನಗುತ್ತಿದ್ದರು. ಅವಳೂ ಬಿಚ್ಚಿ ತೋರಿಸುತ್ತಿದ್ದಳು, ನಗುತ್ತಿರಲಿಲ್ಲ. ಹಗಲಲ್ಲಿ ಪರದೆಯನ್ನು ತಿರುಚಿ ಎತ್ತರಕ್ಕೆ ಕಟ್ಟುವುದನ್ನು ಎಸ್ತರ್ ಎಲ್ಲರಿಗೂ ತೋರಿಸಿದಳು. ಉಳಿದ ಹೋಳಿಗೆಯನ್ನು ಹಂಚಿ ತಿಂದು ಡಬ್ಬಿಯನ್ನು ಸರೋವರದಲ್ಲಿ ತೊಳೆದೆವು.

ನಮ್ಮಿಬ್ಬರಿಗೆ ಉಳಿದದ್ದು ನನ್ನ ಒಂದೇ ಪರದೆ. ಗಂಗವ್ವನದು ಅಗಲವಾದ ದೇಹ. ನನಗೆ ಇಕ್ಕಟ್ಟಾಗಬಾರದೆಂದು ಅವಳು ಅಂಚಿಗೆ ಸರಿದು ತೋಳನ್ನು ಜಾಲರಿಗೆ ಒತ್ತಿ ಮಲಗುತ್ತಿದ್ದಳು. ಒತ್ತಿಕೊಂಡರೆ ಹೊರಗಿನಿಂದಲೇ ಕಚ್ಚುತ್ತದೆ ಅಂತ ಗೊತ್ತಿದ್ದವಳು ನಾನು. ಸರಿದುಕೋ ಅಂತ ಒಂದೆರಡು ಸಲ ಅಂದೆ, ಆಮೇಲೆ ನಿದ್ದೆ ಬರುತ್ತಿತ್ತು.

ಹೊರಡುವ ದಿನ ಎಸ್ತರ್ ಒಂದು ಗಂಟು ಕೊಟ್ಟಳು. ಬಿಚ್ಚಿದರೆ ಅವರು ಸೊಂಟಕ್ಕೆ ಸುತ್ತುವ ಬಣ್ಣದ ಬಟ್ಟೆಗಳ ಚೂರು, ಹಳದಿ, ನೀಲಿ, ಮೀನಿನ ಚಿತ್ರದ್ದು, ಹಕ್ಕಿಯ ಚಿತ್ರದ್ದು. ಗಂಗವ್ವ ಅದನ್ನು ಎದೆಗೆ ಹಿಡಿದು, ಚಿಸೋಮೊನಿಗೆ ಮತ್ತೊಮ್ಮೆ ನೆಟಿಗೆ ಮುರಿದಳು. ಈ ಸಲ ಎಸ್ತರ್ ಕೂಡ ತನ್ನ ಕಣತಲೆಗೆ ಬೆರಳೊತ್ತಿ ಹಾಗೆಯೇ ಮಾಡಿದಳು, ಗಂಗವ್ವನಿಗೆ. ಜೀಪಿನಲ್ಲಿ ನಾವಿಬ್ಬರೂ ಅತ್ತೆವು.

ಮಂಗಳೂರು

ಊರಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ಗಂಗವ್ವನ ಫೋನು. "ಮರ್ಸಿ ಏನರ ಹೇಳಿದ್ಲೇನ? ಕೂಸಿಗೆ ಮೈ ಬಿಸಿ ಇಲ್ಲಲ್ಲ?" ಇನ್ನೂ ಏನೂ ಬಂದಿಲ್ಲ ಅನ್ನುತ್ತಿದ್ದೆ. ಹೇಮಗುಡ್ಡದ ದುರ್ಗವ್ವನಿಗೆ ಉಡಿ ತುಂಬುತ್ತೇನೆ ಅಂತ ಹರಕೆ ಹೊತ್ತಿದ್ದಳು. ಎಸ್ತರ್ ಕೊಟ್ಟ ಚೂರುಗಳಿಂದ ಚಿಸೋಮೊನಿಗೊಂದು ಸಣ್ಣ ಕೌದಿ ಹೊಲಿಯುತ್ತಿದ್ದಳು.

ಒಂದು ದಿನ ಫೋನು ಬಂತು, ದನಿ ಅವಳದಲ್ಲ. ಅವಳ ಸೊಸೆ ರೇಣುಕಾ.

"ಸಣ್ಣತ್ತಿ, ನಮ್ಮತ್ತಿಗೆ ಭಾಳ ಥಂಡಿ ಬಂದು ಜ್ವರ ಬಂದಾವ್ರಿ. ಮೂರ ಕೌದಿ ಹೊಚ್ಚಿದ್ರೂ ನಡಗಾಕತ್ಯಾರ. ಜಲ್ದಿ ಬರ್ರಿ."

ನಾನು ಕೈಯಲ್ಲಿದ್ದ ಕತ್ತರಿ ಕೆಳಗೆ ಹಾಕಿ ಸಿಕ್ಕ ಬಸ್ ಹತ್ತಿದೆ. ಇಷ್ಟು ದಿನ ಕೂಸು, ಕೂಸು ಅಂತ ಹೆದರಿದ್ದೆವು. ಪರದೆ ಬಿಚ್ಚಿ ಕೊಟ್ಟವಳ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ. ನಾನು ಮುಟ್ಟುವ ಹೊತ್ತಿಗೆ ಊರಿನ ಆಶಾ ಕಾರ್ಯಕರ್ತೆ ಬೆರಳು ಚುಚ್ಚಿ ರಕ್ತ ನೋಡಿ ಆಗಿತ್ತು. ಮಲೇರಿಯಾ. ಅದೂ ಹುಷಾರಾಗಿರಬೇಕಾದ ಜಾತಿಯದು, ತಡ ಮಾಡಬ್ಯಾಡ್ರಿ ಅಂದಳು. ಕೊಪ್ಪಳದ ದೊಡ್ಡ ಆಸ್ಪತ್ರೆಗೆ ಒಯ್ದೆವು.

"ಹೊರದೇಶಕ್ಕೆ ಹೋಗುವಾಗ ಮಲೇರಿಯಾ ಬರದಂಗ ಗುಳಿಗಿ ಕೊಟ್ಟಿರತಾರಲ್ಲ, ತಗೊಂಡಾರೇನ್ರಿ?" ಅಂತ ಡಾಕ್ಟರು ಕೇಳಿದರು. ತಗೊಂಡಿದ್ದಾಳೆ ಅಂತ ನಾನು ಖಂಡಿತವಾಗಿ ಹೇಳಿದೆ. ರೇಣುಕಾ ಚೀಲ ಹುಡುಕಿದರೆ ಗ್ಲೂಕೋಸ್ ಬಿಸ್ಕೀಟಿನ ಪುಡಿಯ ಅಡಿಯಲ್ಲಿ ಗುಳಿಗೆಯ ಪಟ್ಟಿ ಹಾಗೇ ಇತ್ತು. ಒಂದೇ ಒಂದು ಮನೆ ಖಾಲಿ.

"ಮದಲನೇದ ತಗೊಂಡಾಗ ತಲಿ ಗಿರ್ ಅಂತವ್ವ" ಅಂದಳು ಗಂಗವ್ವ ಕಣ್ಣು ಮುಚ್ಚಿಕೊಂಡೇ. "ಸೂಜ್ಯಾಗ ದಾರ ಪೋಣಸಾಕ ಆಗಲಿಲ್ಲ. ಬಿಟ್ಟ ಬಿಟ್ಟೆ."

ಸೂಜಿಗೆ ದಾರ ಪೋಣಿಸುವುದಕ್ಕೋಸ್ಕರ ಜೀವ ಒತ್ತೆ ಇಟ್ಟಿದ್ದಳು, ಅದೂ ನನ್ನ ಮಗ್ಗುಲಲ್ಲೇ.

ಜ್ವರ ಏರಿತು, ಇಳಿಯಿತು, ಮತ್ತೆ ಏರಿತು. ಏರಿದಾಗ ಬಡಬಡಿಸುತ್ತಿದ್ದಳು: "ಇಲಿ ಬಂತ ನೋಡ, ಹೊಡಿ, ಕೂಸಿನ ಕಡಿ ಹೊಂಟೈತಿ." ಕೊನೆಗೆ ಔಷಧಿ ಹಿಡಿಯಿತು. ಗಂಡಾಂತರ ದಾಟಿತು ಅಂತ ಡಾಕ್ಟರು ಮನೆಗೆ ಕಳಿಸಿದರು. ಆದರೆ ಊಟ ಸೇರುತ್ತಿರಲಿಲ್ಲ. ಗಂಜಿ ಇಟ್ಟರೆ ಮುಖ ತಿರುಗಿಸುತ್ತಿದ್ದಳು, ಅನ್ನ ಕಂಡರೆ ಓಕರಿಕೆ. ಎರಡು ಗುಟುಕು ನೀರು, ಮತ್ತೆ ಅದೇ ಪ್ರಶ್ನೆ: "ಮರ್ಸಿ ಏನರ ಹೇಳಿದ್ಲೇನ?" ಆ ಅಗಲವಾದ ದೇಹ ಹಾಸಿಗೆಯಲ್ಲಿ ಸಣ್ಣದಾಗುತ್ತಿರುವುದನ್ನು ನೋಡಿ ರೇಣುಕಾ ಒಳಗೆ ಹೋಗಿ ಅಳುತ್ತಿದ್ದಳು.

ಒಂದು ಮಧ್ಯಾಹ್ನ ನನ್ನ ಫೋನಿಗೆ ಮರ್ಸಿಯ ದನಿ ಬಂತು. ಗಂಗವ್ವನ ಕಿವಿಯ ಹತ್ತಿರ ಹಿಡಿದು, ಒಂದೊಂದೇ ಮಾತನ್ನು ನಮ್ಮ ಮಾತಿಗೆ ತಂದೆ. ಚಿಸೋಮೊನ ರಕ್ತ ಎರಡು ಸಲ ನೋಡಿಸಿದರು, ಏನೂ ಇಲ್ಲ. ಜ್ವರ ಬಂದಿಲ್ಲ. ಈಗ ಪರದೆಯ ಬುಡ ಹಿಡಿದುಕೊಂಡು ಎದ್ದು ನಿಲ್ಲಲು ಕಲಿತಿದ್ದಾನೆ. ದಿನವಿಡೀ ಜಗ್ಗುತ್ತಾನೆ. ಅಮಾಯಿಯ ಪಟ್ಟಿ ಕಿತ್ತು ಬಂದಿಲ್ಲ ಅಂತ ಎಸ್ತರ್ ಹೇಳಲು ಹೇಳಿದ್ದಾಳೆ. ಕೊನೆಗೆ ಹಿಂದಿನಿಂದ ಕೂಸಿನ ಕೇಕೆ ಕೇಳಿಸಿತು.

ಗಂಗವ್ವ ಫೋನು ಸರಿಸಿ, "ಎಬ್ಬಿಸಿ ಕುಂದರಸ್ರಿ, ಆ ಕೌದಿ ತರ್ರಿ" ಅಂದಳು.

ಚಿಸೋಮೊನ ಕೌದಿ ಪೂರ್ತಿ ಆಗಿತ್ತು, ಕೊನೆಯ ಮೂಲೆಯೊಂದು ಬಾಕಿ. ಸೂಜಿ ಹಿಡಿದಳು. ದಾರ ನಾನು ಪೋಣಿಸಿಕೊಟ್ಟೆ. ರೇಣುಕಾ ರೂಢಿಯಂತೆ ಒಳಗೆ ಹೋಗಿ ಒಂದು ಚೂರು ಶೇಂಗಾ ಹೋಳಿಗೆ ತಂದು ಅತ್ತೆಯ ಅಂಗೈಯಲ್ಲಿ ಇಟ್ಟಳು. ಬೇಡ ಅನ್ನಲು ಬಾಯಿ ತೆರೆದೆ. ಗಂಗವ್ವ ಆ ಚೂರನ್ನು ನೋಡಿದಳು, ತೆರೆದ ಮೂಲೆಯನ್ನು ನೋಡಿದಳು, ಚೂರನ್ನು ತನ್ನ ಬಾಯಿಗೆ ಹಾಕಿಕೊಂಡಳು.

"ಇದರ ಪಾಲಿಂದು ನಾ ತಿಂತೀನಿ," ಅಂದಳು. "ಇದು ಉಪವಾಸ ಹೋಗಲಿ."

ಅಗಿಯುತ್ತಲೇ ಮೂಲೆ ಹೊಲಿದು ಮುಗಿಸಿದಳು. ಜ್ವರ ಬಂದ ಮೇಲೆ ಅವಳ ಹೊಟ್ಟೆಗೆ ಇಳಿದ ಮೊದಲ ತುತ್ತು ಅದು.